ಆಷಾಢದಲ್ಲಿ ಖಾಲಿ ಮಾಡಿಸಿದ್ದು

ಇಂದು ಬೆಳಿಗ್ಗೆ ಪಕ್ಕದ ಕಟ್ಟಡದ ಟ್ಯಾಂಕ್ ತುಂಬಿ ನೀರು ಸುರಿಯುತ್ತಿತ್ತು. ಆ ಸದ್ದು ಕೇಳಿದರೆ ನಾನು ಈಗಲೂ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡುತ್ತೇನೆ. ನಗಬೇಡಿ. ಮೋಟಾರು ನನ್ನದಲ್ಲ, ಸ್ವಿಚ್ಚು ನನ್ನ ಕೈಗೆ ಸಿಗುವುದೂ ಇಲ್ಲ. ಇದೆಲ್ಲ ರತ್ನಕ್ಕನ ತರಬೇತಿ.

ರತ್ನಕ್ಕ ಮಹದೇವಪುರದಲ್ಲಿ ನನ್ನ ಓನರ್ ಆಗಿದ್ದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹನ್ನೆರಡು ಮನೆ ಕಟ್ಟಿಸಿ ನಮ್ಮನ್ನು ಬಿತ್ತಿದ್ದರು. ಅವರ ಕಾನೂನು ಎರಡೇ. ಟ್ಯಾಂಕ್ ತುಂಬಿದ ಸದ್ದು ಯಾರಿಗೆ ಮೊದಲು ಕೇಳಿಸುತ್ತದೋ ಅವರೇ ಮೋಟಾರು ಆರಿಸಬೇಕು; ಆಷಾಢದಲ್ಲಿ ಯಾರೂ ಮನೆ ಬದಲಿಸಬಾರದು. ಮೇಲಿನ ಮನೆಯ ದಂಪತಿ ಮೊದಲನೆಯದನ್ನು ಮೂರು ಸಲ ಮುರಿದಾಗ ಮಾತ್ರ ರತ್ನಕ್ಕ ತಾವೇ ಎರಡನೆಯದನ್ನು ಮುರಿದು, ನಡು ಆಷಾಢದಲ್ಲಿ ಅವರನ್ನು ಖಾಲಿ ಮಾಡಿಸಿದರು. ಅಂದಿನಿಂದ ನಾನು ಒಂದು ಕಿವಿ ತೆರೆದಿಟ್ಟೇ ಮಲಗುತ್ತಿದ್ದೆ.

ಅವರಿಗೆ ಗರ್ಭಕಂಠದ ಕ್ಯಾನ್ಸರ್ ಆಗಿ, ರೇಡಿಯೇಷನ್ ಮುಗಿದು, ವಾಸಿಯಾಯಿತೆಂದು ನಮಗೆಲ್ಲ ಹೋಳಿಗೆ ಊಟವೂ ಆಗಿತ್ತು. ಎರಡನೇ ವರ್ಷಕ್ಕೆ ಅದು ಅದೇ ಜಾಗಕ್ಕೆ ಮರಳಿ ಬಂತು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ಅದೇ ಜಾಗಕ್ಕೆ ಮತ್ತೆ ರೇಡಿಯೇಷನ್ ಕೊಡುವುದು ಸರಿಯಲ್ಲ, ಬೇರೆಲ್ಲೂ ಹರಡದಿರುವುದರಿಂದ ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ದೊಡ್ಡ ಆಪರೇಷನ್ನು: ಗರ್ಭಕೋಶದ ಜೊತೆಗೆ ಮೂತ್ರಕೋಶವನ್ನೂ ತೆಗೆದು, ಮೂತ್ರಕ್ಕೆ ಹೊಟ್ಟೆಯ ಮೇಲೊಂದು ಚೀಲ ಅಂಟಿಸಬೇಕು. ತಡವಾದರೆ ಈ ಅವಕಾಶವೂ ಕೈತಪ್ಪಬಹುದು. ಅವರು ಬರೆದು ತೋರಿಸಿದ ಚಿತ್ರವನ್ನು ರತ್ನಕ್ಕ ಮನೆಯ ಪ್ಲಾನಿನಂತೆ ತಿರುಗಿಸಿ ತಿರುಗಿಸಿ ನೋಡಿದರು. ಪೈಪು ಯಾವ ಕಡೆಯಿಂದ ಬರುತ್ತದೆಂದು ವಿಚಾರಿಸಿದರು. ಕೊನೆಗೆ, ಈಗ ಆಷಾಢ, ಶ್ರಾವಣ ಬರಲಿ ಎಂದು ಎದ್ದುಬಿಟ್ಟರು.

ಆಟೋದಲ್ಲಿ ನಾನು ಹೇಳಿದ್ದೆಲ್ಲ ಗೋಡೆಗೆ ಹೇಳಿದಂತಾಯಿತು. ಭಯ ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ, ಅದಕ್ಕೆ ಆಷಾಢ ಎನ್ನುತ್ತಿದ್ದರು. ನನಗೂ ಭಯವಾಗಿತ್ತು, ಈ ಹೆಂಗಸು ಸುಮ್ಮನೆ ಸತ್ತುಹೋಗುತ್ತಾರಲ್ಲ ಎಂದು. ಸಿಟ್ಟು ಬಂತು.

“ಆಷಾಢದಲ್ಲಿ ಹೊಸಬರು ಬರಬಾರ್ದು, ಸರಿ ಅಕ್ಕಾ. ಖಾಲಿ ಮಾಡಿಸೋಕೇನು? ಮೇಲಿನ ಮನೆಯವರನ್ನ ನೀವೇ ಮಾಡಿಸ್ಲಿಲ್ವಾ?”

ರತ್ನಕ್ಕ ಬೆರಳು ಮಡಿಸಿ ಎಣಿಸಿದರು.

“ಅವ್ರು ಮೂರು ಸಲ ಟ್ಯಾಂಕ್ ತುಂಬಿಸಿದ್ರು ಕಣಮ್ಮ. ಇದು ಬಂದಿರಾದು ಎರಡೇ ಸಲ.”

“ಮೂರನೇ ಸಲಕ್ಕೆ ಕಾಯ್ತೀರಾ?”

ಅವರು ಡ್ರೈವರನ ಬೆನ್ನು ತಟ್ಟಿ ಆಟೋವನ್ನು ಮತ್ತೆ ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿದರು.

ಆಷಾಢದಲ್ಲೇ ಆಪರೇಷನ್ ಆಯಿತು; ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬಂದಾಗ ಸಂಜೆಯಾಗಿತ್ತು. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಅತ್ತರು, ನನ್ನನ್ನು ಬೈದರು, ಚೀಲವನ್ನಂತೂ ದಿನವೂ ಬೈದರು. ಆಮೇಲೆ ಅದಕ್ಕೂ ಕಾನೂನು ಮಾಡಿದರು. ಪೂರ್ತಿ ತುಂಬುವ ಮೊದಲೇ ಖಾಲಿ ಮಾಡಬೇಕೆಂದು ನರ್ಸ್ ಹೇಳಿಕೊಟ್ಟಿದ್ದನ್ನು, ಈಗ ವಾರ್ಡಿನ ಹೊಸಬರಿಗೆ ಅವರೇ ಹೋಗಿ ಹೇಳುತ್ತಾರೆ, ಸದ್ದಾಗುವವರೆಗೆ ಕಾಯುವವರು ಬಾಡಿಗೆಯವರು ಎಂಬ ಟಿಪ್ಪಣಿಯೊಂದಿಗೆ.

ಇಂದು ನೀರಿನ ಸದ್ದಿಗೆ ಅವರ ನೆನಪಾಗಿ ಫೋನ್ ಮಾಡಿದೆ. ಯಾವಾಗಲೂ ಕೇಳುವುದನ್ನೇ ಕೇಳಿದರು: ನೀನು ಆ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡೆಯಾ? ಎರಡು ವರ್ಷದಿಂದ ನಾನು ರಜೆ, ಆಡಿಟ್ಟು, ನೆಗಡಿ ಎಂದು ಏನಾದರೊಂದು ಹೇಳುತ್ತಲೇ ಬಂದಿದ್ದೇನೆ. ಇಂದು ಬಾಯಲ್ಲಿ ಬ್ರಷ್ ಇತ್ತು, ಬುದ್ಧಿ ಇರಲಿಲ್ಲ.

“ಶ್ರಾವಣ ಬರ್ಲಿ ಅಕ್ಕಾ,” ಎಂದುಬಿಟ್ಟೆ.

ಆ ಕಡೆ ಬೀಗದಕೈ ಗೊಂಚಲು ಝಣಗುಟ್ಟಿತು.

“ಅಲ್ಲೇ ಇರು. ಆಟೋ ತಗೊಂಡು ಬತ್ತೀನಿ.”

ಬಾಯಿ ತೊಳೆದು, ಚಪ್ಪಲಿ ಮೆಟ್ಟಿಕೊಂಡು, ಹೋಗಿ ಗೇಟಿನ ಹತ್ತಿರ ನಿಂತೆ.