ಕಿಟಕಿಯ ಕೆಳಗೆ ಮಲಗುವವನು

"ಅಮ್ಮ, ನಾವೆಲ್ಲ ಮಲಗಿದ್ದಾಗ ದೊಡ್ಡಮ್ಮ ಬೇಕುಬೇಕಂತಲೇ ತಟ್ಟೆ ಬೀಳಿಸಿದ್ರು. ಆಮೇಲೆ ಯಾಕೆ ಅತ್ತರು?"

ಗುಬ್ಬಿ ಹೀಗೆ ಕೇಳಿದಾಗ ಅವಳ ತಾಯಿ ನಂಬಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಮಧ್ಯಾಹ್ನವೆಂದರೆ ಬೆಕ್ಕು ಕೂಡ ತುದಿಗಾಲಲ್ಲಿ ನಡೆಯಬೇಕು.

ಕೆಲಸಕ್ಕೆ ಹೋಗುವವರ ಮಕ್ಕಳನ್ನು ದೊಡ್ಡಮ್ಮ ತಮ್ಮ ಮುಂಗೋಣೆಯಲ್ಲಿ ನೋಡಿಕೊಳ್ಳಲು ಶುರುಮಾಡಿ ಒಂದು ತಲೆಮಾರೇ ಕಳೆದಿತ್ತು. ಅಲ್ಲಿ ಮಲಗಿ ಬೆಳೆದ ಹುಡುಗಿಯೊಬ್ಬಳು ಈಗ ತನ್ನ ಮಗುವನ್ನೂ ಅಲ್ಲೇ ಬಿಡುತ್ತಿದ್ದಳು. ಊಟವಾಗಿ ಬಾಯಿ ಒರೆಸಿದ ಮೇಲೆ ಪರದೆ ಎಳೆದು, ಚಾಪೆಗಳನ್ನು ಸಾಲಾಗಿ ಹಾಸಿ, ಒಬ್ಬೊಬ್ಬರ ಬೆನ್ನು ತಟ್ಟುತ್ತ ಹೋಗುವರು. ಒಂದು ಬೆನ್ನಿಗೆ ಗಟ್ಟಿಯಾಗಿ ತಟ್ಟಬೇಕು, ಇನ್ನೊಂದಕ್ಕೆ ಸುಮ್ಮನೆ ಕೈ ಇಟ್ಟರೆ ಸಾಕು. ನಿದ್ದೆ ಬಾರದವರ ಮುಂದೆ ಚಿತ್ರದ ಪುಸ್ತಕ ಇಟ್ಟು, "ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ" ಎನ್ನುವರು.

ಮಕ್ಕಳನ್ನು ಅವರು ಅಳೆಯುತ್ತಿದ್ದುದೂ ನಿದ್ದೆಯಿಂದಲೇ. ಸಂಜೆ ಗೇಟಿನಲ್ಲಿ ತಾಯಂದಿರಿಗೆ ಮೊದಲು ಸಿಗುತ್ತಿದ್ದ ವರದಿ ಅದು. ಗುಬ್ಬಿಯದು ಕೋಳಿನಿದ್ದೆ. ಹೊಗಳಿಕೆಯೆಲ್ಲ ಮೂರು ತುಂಬುತ್ತಿದ್ದ ಒಬ್ಬ ಹುಡುಗನಿಗೆ. ಅವನಿಗೆ ಕುಂಭಕರ್ಣ ಎಂದು ಹೆಸರಿಟ್ಟವರೂ ದೊಡ್ಡಮ್ಮನೇ. ಎದುರಿನ ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಸದ್ದಿಗೆ ಉಳಿದವರು ಬೆಚ್ಚಿ ಏಳುತ್ತಿದ್ದರಿಂದ ಕಿಟಕಿಯ ಕೆಳಗಿನ ಜಾಗ ಅವನಿಗೇ ಮೀಸಲು. ಎಲ್ಲರೂ ಇವನ ಹಾಗಿದ್ದಿದ್ದರೆ ತಾವೂ ಒಂದು ಕಣ್ಣು ಮುಚ್ಚಬಹುದಿತ್ತು ಎಂದು ದೊಡ್ಡಮ್ಮ ನಗುತ್ತಿದ್ದರು.

ಕೆಲವು ತಿಂಗಳ ಹಿಂದೆ ಹುಡುಗನ ತಾಯಿ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು, ಗೇಟಿನ ಬಳಿ ಅಳುಕುತ್ತಲೇ ಕೇಳಿದ್ದಳು.

"ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ ದೊಡ್ಡಮ್ಮ. ಮಾತೂ ಬಂದಿಲ್ಲ. ಕಿವಿ ತೋರಿಸ್ಲಾ?"

"ಕಿವಿ ಚೆನ್ನಾಗೇ ಇದೆ ಕಣೇ. ಬೇಕಾದ್ದು ಮಾತ್ರ ಕೇಳಿಸ್ಕೋತಾನೆ, ನಮ್ಮ ಯಜಮಾನರ ಹಾಗೆ. ಎಷ್ಟು ಮಕ್ಕಳನ್ನ ನೋಡಿಲ್ಲ ನಾನು?"

ಪಕ್ಕದಲ್ಲಿ ಗುಬ್ಬಿಗೆ ಚಪ್ಪಲಿ ತೊಡಿಸುತ್ತಿದ್ದ ಅವಳ ತಾಯಿಯೂ ನಕ್ಕಿದ್ದಳು. ದೊಡ್ಡಮ್ಮ ಹೇಳಿದರೆ ಮುಗಿಯಿತು. ಹುಡುಗನ ತಾಯಿ ತಾನೂ ನಕ್ಕು, ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋಗಿದ್ದಳು.

ಗುಬ್ಬಿಯ ಪ್ರಶ್ನೆಯ ಮರುದಿನ ಅವಳ ತಾಯಿ ಕಚೇರಿಯಿಂದ ಸ್ವಲ್ಪ ಬೇಗನೇ ಹೋದಳು. ದೊಡ್ಡಮ್ಮ ಚಾಪೆಗಳನ್ನು ಸುತ್ತುತ್ತಿದ್ದರು. ಕೇಳುವ ಮೊದಲೇ ಎಲ್ಲ ಹೇಳಿದರು. ಮಾತು ಬರಲೇ ಇಲ್ಲವೆಂದು ಮನೆಯವರು ಕೊನೆಗೆ ಕರೆದೊಯ್ದಾಗ, ಹುಡುಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಹೇಳಿದ್ದರಂತೆ. ಇನ್ನೂ ಮೊದಲೇ ಕರೆತರಬೇಕಿತ್ತು ಎಂದೂ ಹೇಳಿದ್ದರಂತೆ. ದೊಡ್ಡಮ್ಮನಿಗೆ ನಂಬಿಕೆಯಾಗಿರಲಿಲ್ಲ. ಹಿಂದಿನ ಮಧ್ಯಾಹ್ನ ಅವನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟಿದ್ದರು. ಉಳಿದವರೆಲ್ಲ ಎದ್ದು ಕುಳಿತು ಅತ್ತರು. ಅವನು ಮಗ್ಗುಲು ಕೂಡ ಬದಲಿಸಲಿಲ್ಲ.

"ನನಗೆ ಅನುಕೂಲ ಆಗಿದ್ದನ್ನ ಮಗೂದು ಒಳ್ಳೇ ಗುಣ ಅಂದ್ಕೊಂಡೆ" ಎಂದರು ದೊಡ್ಡಮ್ಮ.

ನಿಮಗೇನು ಗೊತ್ತಿತ್ತು ಎನ್ನಹೊರಟ ಗುಬ್ಬಿಯ ತಾಯಿ ಬಗ್ಗಿ ಇನ್ನೊಂದು ಚಾಪೆ ಸುತ್ತತೊಡಗಿದಳು. ಆ ದಿನ ನಕ್ಕವರಲ್ಲಿ ಅವಳೂ ಒಬ್ಬಳು.

ದೊಡ್ಡಮ್ಮನನ್ನು ಕೊರೆಯುತ್ತಿದ್ದುದು ಅದಷ್ಟೇ ಅಲ್ಲ. ಹುಡುಗನ ಅಪ್ಪ ಬಂದು ಮನೆಯ ಸ್ಥಿತಿ ಹೇಳಿ ಹೋಗಿದ್ದ. ಹೆತ್ತವಳಿಗೇ ಗೊತ್ತಾಗಲಿಲ್ಲವೇ, ಕಣ್ಣೆಲ್ಲ ಸಂಬಳದ ಮೇಲೇ ಇತ್ತೇ ಎಂದು ಅತ್ತೆ ಸೊಸೆಯನ್ನು ಕುಂತರೆ ನಿಂತರೆ ಚುಚ್ಚುತ್ತಿದ್ದರಂತೆ. ಅವಳು ತುಟಿ ಬಿಚ್ಚುತ್ತಿರಲಿಲ್ಲವಂತೆ. ದೊಡ್ಡಮ್ಮನನ್ನು ತಾನು ಆಗಲೇ ಕೇಳಿದ್ದೆ ಎಂದು ಗಂಡನಿಗೂ ಹೇಳಿರಲಿಲ್ಲ.

"ಮೊದಲು ಅನುಮಾನ ಬಂದದ್ದು ಅವಳಿಗೇ ಕಣಮ್ಮ. ಬಾಯಿ ಮುಚ್ಚಿಸಿದವಳು ನಾನು."

ಸುತ್ತಿದ ಚಾಪೆಯನ್ನು ಗೋಡೆಗೆ ಒರಗಿಸಿದರು. ಅದು ಜಾರಿತು; ಮತ್ತೆ ಒರಗಿಸಿದರು.

"ನಾಳೆ ಅವರ ಮನೆಗೆ ಹೋಗ್ತೀನಿ. ನೀನೂ ಜೊತೆಗೆ ಬಾ. ಆ ಅತ್ತೆ ಮುಂದೆ ನಿಂತಾಗ, ಅವಳೂ ಸರಿಯಾಗಿ ಹೇಳಲಿಲ್ಲ ಅಂತ ನನ್ನ ನಾಲಿಗೆ ಜಾರಿಕೊಳ್ಳೋಕೆ ನೋಡಿದ್ರೆ ನನ್ನ ಮುಖ ನೋಡಿ ಸುಮ್ಮನಾಗ್ಬೇಡ. ಆವತ್ತು ಗೇಟಿನ ಹತ್ರ ನಾನು ಏನಂದೆನೋ ಅದನ್ನ ಹಾಗೇ ಹೇಳಿಬಿಡು."