ಕಾಲೇಜಿಗೆ ಹೋದ ಮುಯ್ಯಾಳು

ಯಗಟಿಯ ಅಂಜಿನಮ್ಮ ದುಡಿಮೆಯಲ್ಲಿ ಯಾರ ಹಂಗನ್ನೂ ಇಟ್ಟುಕೊಂಡವಳಲ್ಲ. ಯಾರನ್ನೂ ತನ್ನ ಹಂಗಿನಿಂದ ಸುಲಭಕ್ಕೆ ಬಿಟ್ಟವಳೂ ಅಲ್ಲ. ಇವತ್ತು ನಿಮ್ಮ ಹೊಲಕ್ಕೆ ನಮ್ಮನೆಯಿಂದ ಒಂದಾಳು, ನಾಳೆ ನಮ್ಮ ಹೊಲಕ್ಕೆ ನಿಮ್ಮನೆಯಿಂದ ಒಂದಾಳು. ಇದೇ ಮುಯ್ಯಾಳು. ಬಂದದ್ದು ಅಪ್ಪನೋ ಮಗಳೋ ಅಂತ ಯಾರೂ ಕೇಳುವುದಿಲ್ಲ. ತೂಕದ ಕಲ್ಲು ಯಾವ ಊರಿನದಾದರೇನು, ತಕ್ಕಡಿ ನಿಂತರೆ ಆಯಿತು.

ಇಂಥವಳ ಮಗಳು ವಿದ್ಯಾಶ್ರೀ ಕಡೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದಳು. ಕಂಪ್ಯೂಟರ್ ಡಿಗ್ರಿಗೆ ಏನೇನು ಬೇಕು ಅಂತ ಅಂಜಿನಮ್ಮ ಮಗಳನ್ನು ಸೇರಿಸುವ ದಿನವೇ ವಿಚಾರಿಸಿದ್ದಳು. ಗಣಿತ ಬೇಕು, ಪ್ರಾಕ್ಟಿಕಲ್ ಬೇಕು, ಪ್ರಾಜೆಕ್ಟ್ ಬೇಕು ಅಂದರು. ಅದೆಲ್ಲ ಮಗಳ ಪಾಡು ಅಂತ ಬಿಟ್ಟಳು. ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು ಅಂದಾಗ ಮಾತ್ರ ತಲೆಯಾಡಿಸಿದಳು. “ಆಳು ಕೇಳ್ತಾರೆ. ನ್ಯಾಯವೇ.”

ಮಳೆಗಾಲದಲ್ಲಿ ವಿದ್ಯಾಶ್ರೀ ಜ್ವರ ಹಿಡಿದು ಮಲಗಿ ಹಾಜರಿ ತೆಳ್ಳಗಾಗಿತ್ತು. ಇನ್ನು ಒಂದು ವಾರ ತಪ್ಪಿದರೆ ಹಾಲ್ ಟಿಕೆಟ್ ಇಲ್ಲ, ವರ್ಷವೇ ಹೋಯಿತು ಅಂತ ಓಂಕಾರಮೂರ್ತಿ ಮೇಷ್ಟ್ರು ಎಚ್ಚರಿಸಿದ್ದರು. ಅದೇ ವಾರ ಪಕ್ಕದ ಹೊಲದ ಹನುಮಂತಯ್ಯನ ರಾಗಿ ಕೊಯ್ಲಿಗೆ ಬಂತು. ಅಂಜಿನಮ್ಮನ ಹೊಲದ ಕಳೆ ಕೀಳಲು ಅವನ ಮನೆಯಿಂದ ಆಳು ಬಂದಿದ್ದವು, ಈಗ ತೀರಿಸಬೇಕು. ತೆಂಗಿನ ಸಾಲುಗಳ ನಡುವಿನ ರಾಗಿ, ಮಿಷನ್ ತಿರುಗುವುದಿಲ್ಲ. ಅವನ ಸೊಸೆ ಹೆರಿಗೆಗೆ ಅಜ್ಜಂಪುರಕ್ಕೆ ಹೋಗಿ ಅವನಿಗೂ ಕೈ ಕಮ್ಮಿ. ಅಂಜಿನಮ್ಮನ ಗಂಡ ಲಕ್ಕಣ್ಣ ಗೊಬ್ಬರಕ್ಕೆ ಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸಲು ತರೀಕೆರೆ ಕಡೆ ಹೋಗಿದ್ದ. ಅಂಜಿನಮ್ಮನಿಗೋ ಸೊಂಟ ಹಿಡಿದಿತ್ತು.

“ಅವ್ವ, ನಾನು ಕೊಯ್ಲಿಗೆ ಹೋದ್ರೆ ಕಾಲೇಜು ಹೋಯ್ತು” ಅಂದಳು ವಿದ್ಯಾಶ್ರೀ.

“ಯಾಕೆ ಹೋಗುತ್ತೆ? ಬಗ್ಗೋಕೆ ನನ್ನ ಸೊಂಟ ಬರಲ್ಲ. ಬೆಂಚ್ ಮೇಲೆ ಕೂರೋಕೆ ಬರುತ್ತೆ. ನೀನು ಹೊಲಕ್ಕೆ ನಡಿ, ನಾನು ಕ್ಲಾಸಿಗೆ ಹೋಗ್ತೀನಿ.”

“ಅಯ್ಯೋ, ಹಂಗೆಲ್ಲ ಆಗಲ್ಲ ಕಣವ್ವ!”

“ನಮ್ಮನೆಯಿಂದ ಒಂದಾಳು ಹೋದ್ರೆ ಆಯ್ತಲ್ಲೇ.”

ಸೋಮವಾರ ಬೆಳಿಗ್ಗೆ ಓಂಕಾರಮೂರ್ತಿ ಹಾಜರಿ ಕೂಗಿದರು. “ವಿದ್ಯಾಶ್ರೀ.”

“ಬಂದಿದ್ದೀವಿ” ಅಂತು ಹಿಂದಿನ ಬೆಂಚು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಅಮ್ಮಾ, ನೀವು ಯಾರು?”

“ಅವಳ ತಾಯಿ. ಮುಯ್ಯಾಳಿಗೆ ಬಂದಿದ್ದೀನಿ. ನೀವು ನಡೆಸಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಓಂಕಾರಮೂರ್ತಿ ಹೊರಗೆ ಕಳಿಸಬಹುದಿತ್ತು. ಆದರೆ ಅವರು ಕೂಡ ಸಿಂಗಟಗೆರೆಯ ರೈತನ ಮಗ; ಅಷ್ಟು ದೂರದಿಂದ ಬಸ್ ಹತ್ತಿ ಬಂದ ಆಳನ್ನು ಬಾಗಿಲಿಂದ ವಾಪಸ್ ಕಳಿಸಲು ಬಾಯಿ ಬರಲಿಲ್ಲ. ಬೇಸರ ಹತ್ತಿ ತಾನೇ ಎದ್ದು ಹೋಗುತ್ತಾಳೆ ಅಂದುಕೊಂಡರು. ಅಂಜಿನಮ್ಮನಿಗೆ ಬೇಸರ ಹತ್ತಲಿಲ್ಲ. ನಿದ್ದೆ ಹತ್ತಿತು. ಮದುವೆಯಾದಾಗಿನಿಂದ ಅವಳನ್ನು ಹಗಲಲ್ಲಿ ಫ್ಯಾನಿನ ಕೆಳಗೆ ಹೀಗೆ ಯಾರೂ ಕೂರಿಸಿರಲಿಲ್ಲ.

“ಅಮ್ಮಾ, ಕ್ಲಾಸಲ್ಲಿ ಮಲಗಬಾರದು” ಅಂದರು ಮೇಷ್ಟ್ರು.

“ಮಲಗಿಲ್ಲ, ಕೂತಿದ್ದೀನಲ್ಲ.”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ವಾರಪೂರ್ತಿ ಅವಳು ಬಂದಳು. ಮಧ್ಯಾಹ್ನದ ಲ್ಯಾಬಿನಲ್ಲಿ ಅವರೆಕಾಯಿ ಸುಲಿದಳು. ಪ್ರೋಗ್ರಾಂ ಓಡದೆ ಕೈಕಟ್ಟಿ ಕೂತ ಹುಡುಗರಿಗೂ ಒಂದೊಂದು ಹಿಡಿ ಹಂಚಿದಳು. ಹೊಲದಲ್ಲಿ ವಿದ್ಯಾಶ್ರೀ ರಾಗಿ ಕೊಯ್ದು ಶುಕ್ರವಾರದ ಹೊತ್ತಿಗೆ ಹನುಮಂತಯ್ಯನ ಮುಯ್ಯಿ ತೀರಿಸಿದಳು.

ಶನಿವಾರ ಬೋರ್ಡಿನ ಮೇಲೆ ಹಾಜರಿ ಹಾಕಿದರು. ವಿದ್ಯಾಶ್ರೀ ವಾರವಿಡೀ ಗೈರು. ಅವಳು ಬೋರ್ಡಿನ ಮುಂದೆ ನಿಂತು ಅತ್ತಳು. ಅಂಜಿನಮ್ಮ ಅಳಲಿಲ್ಲ, ನೇರ ಸ್ಟಾಫ್ ರೂಮಿಗೆ ನುಗ್ಗಿದಳು.

“ಏನ್ ಮೇಷ್ಟ್ರೇ, ಆಳು ಕೂರಿಸ್ಕೊಂಡು ಬಂದಿಲ್ಲ ಅಂತೀರಾ?”

“ಅಮ್ಮಾ, ಡಿಗ್ರಿ ಯಾರಿಗೋ ಅವರೇ ಬರಬೇಕು. ಅದು ನಿಯಮ.”

“ಆಯ್ತು, ನಿಯಮ ನಿಮ್ದು. ಹಂಗಾದ್ರೆ ನಾನು ಕೂತಿದ್ದು ಮಗಳ ಲೆಕ್ಕಕ್ಕಲ್ಲ. ಯಾರ ಲೆಕ್ಕಕ್ಕೆ? ನಿಮ್ಮ ಲೆಕ್ಕಕ್ಕೆ. ನಮ್ಮ ರಾಗಿನೂ ನಿಂತಿದೆ, ಬಂದು ಮುಯ್ಯಿ ತೀರಿಸಿ.”

ಮೇಷ್ಟ್ರು ನಕ್ಕರು. ಅಂಜಿನಮ್ಮ ನಗಲಿಲ್ಲ. “ಸಿಂಗಟಗೆರೆ ಚನ್ನಬಸಪ್ಪನೋರ ಮಗ ಅಲ್ವಾ ನೀವು? ಇರ್ಲಿ ಬಿಡಿ.”

ಆ ‘ಇರ್ಲಿ ಬಿಡಿ’ ಅವರಿಗಿಂತ ಮುಂಚೆ ಸಿಂಗಟಗೆರೆ ತಲುಪಿತು. ಸಂಜೆಗೆ ಅಪ್ಪನ ಫೋನು: “ಲೇ, ಯಗಟಿಯೋರ ಮುಯ್ಯಿ ನುಂಗಿದ್ದೀಯಂತೆ? ನಾಳೆ ನಮ್ಮ ಹೊಲಕ್ಕೆ ಯಾವನು ಬತ್ತಾನೋ? ನೀನು ಕಂಪ್ಯೂಟರ್ ತಂದು ಕೊಯ್ತೀಯಾ?”

“ಅಪ್ಪಾ, ಅದು ಹಾಜರಿ ವಿಷಯ…”

“ಹಾಜರಿಯೋ ಗೀಜರಿಯೋ, ಮೊದಲು ಹೋಗಿ ಕುಡುಗೋಲು ಹಿಡಿ.”

ಎರಡೂ ಕಡೆ ಸಿಕ್ಕಿಕೊಂಡವನಿಗೇ ಬುದ್ಧಿ ಚುರುಕು. ಮೇಷ್ಟ್ರು ಲೆಕ್ಕ ಹಾಕಿದರು: ತಾನೊಬ್ಬ ಒಂದು ವಾರ ಕೊಯ್ಯಲಾರೆ. ಇಡೀ ಕ್ಲಾಸನ್ನು ಕರೆದೊಯ್ದರೆ ಒಂದೇ ದಿನಕ್ಕೆ ಮುಗಿಯುತ್ತದೆ. ಮೇಷ್ಟ್ರಿದ್ದು ಹುಡುಗರಿದ್ದರೆ ಅದು ಕ್ಲಾಸೇ. ರಿಜಿಸ್ಟರಿನಲ್ಲಿ ಪಾಠ ಯಾವುದು ಅಂತ ಬರೆಯಲು ಜಾಗವಿದೆ, ಎಲ್ಲಿ ನಡೆಯಿತು ಅಂತ ಬರೆಯಲು ಜಾಗವೇ ಇಲ್ಲ. ಭಾನುವಾರ ಯಗಟಿಯಲ್ಲಿ ವಿಶೇಷ ತರಗತಿ ಅಂತ ಗ್ರೂಪಿಗೆ ಹಾಕಿದರು. ಮುದ್ದೆ, ಅವರೆಕಾಳು ಸಾರು ಉಂಟು ಅಂತಲೂ ಹಾಕಿದ್ದರಿಂದ, ಎಂದೂ ಕ್ಲಾಸಿಗೆ ಬಾರದವರೂ ಬಂದರು.

ಬದುವಿನ ಮೇಲೆ ನಿಂತು ಹಾಜರಿ ಕೂಗಿದರು. “ವಿದ್ಯಾಶ್ರೀ.”

“ಪ್ರೆಸೆಂಟ್ ಸರ್!” ಕೊಯ್ದ ರಾಗಿಯನ್ನು ಸಿವುಡು ಕಟ್ಟುತ್ತಿದ್ದವಳು ಎದ್ದು ನಿಂತಳು.

ಗಂಟೆಗೊಮ್ಮೆ ಹಾಜರಿ, ಗಂಟೆಗೊಂದು ಪೀರಿಯಡ್ಡು. ವಿದ್ಯಾಶ್ರೀಗೆ ಕಮ್ಮಿಬಿದ್ದ ಪೀರಿಯಡ್ಡುಗಳು ಹೀಗೆ ತುಂಬುತ್ತ ಬಂದವು. ಹುಡುಗರಿಗೆ ಮೇಷ್ಟ್ರು ಪ್ರಶ್ನೆ ಹಾಕುತ್ತ ಹೋದರು. ಉತ್ತರ ಬಾರದವನಿಗೆ ಇನ್ನೊಂದು ಸಾಲು ಕೊಯ್ಯುವ ಶಿಕ್ಷೆ. ಉತ್ತರ ಯಾರಿಗೂ ಬರುತ್ತಿರಲಿಲ್ಲವಾಗಿ ಕೊಯ್ಲು ಭರದಿಂದ ಸಾಗಿತು. ಮೇಷ್ಟ್ರ ಕೊಯ್ಲನ್ನು ಅಂಜಿನಮ್ಮ ನೋಡಿ, “ಕುರಿ ಮೇಯ್ದಂಗಿದೆ. ಇರ್ಲಿ, ಪಾಸು” ಅಂದಳು. ಹೊತ್ತು ಇಳಿಯುವಷ್ಟರಲ್ಲಿ ಹೊಲ ಖಾಲಿ, ಹಾಜರಿ ಭರ್ತಿ. ವಾರ ಕಳೆಯುವುದರೊಳಗೆ ವಿದ್ಯಾಶ್ರೀಯ ಹಾಲ್ ಟಿಕೆಟ್ಟು ಬಂತು. ಅವಳು ಅದನ್ನು ಎದೆಗೊತ್ತಿಕೊಂಡು ಓದಲು ಕೂತಳು.

ನಿದ್ದೆ ಕೆಟ್ಟದ್ದು ಅಂಜಿನಮ್ಮನಿಗೆ. ತಾನು ಕೂತದ್ದು ಒಂದಾಳು, ಒಂದು ವಾರ. ಕೊಯ್ಯಲು ಬಂದದ್ದು ಒಂದು ಕ್ಲಾಸು. ತಕ್ಕಡಿ ಈಗ ಆ ಕಡೆಗೆ ವಾಲಿತ್ತು. ಕಾಲೇಜಿನ ಹಂಗು ಹೊತ್ತುಕೊಂಡು ಮಗಳು ಪರೀಕ್ಷೆ ಬರೆದರೆ ಡಿಗ್ರಿ ದಕ್ಕುತ್ತದೆಯೇ?

ಪರೀಕ್ಷೆಗೆ ಓದಲು ಬಿಟ್ಟ ರಜೆಯಲ್ಲಿ ಓಂಕಾರಮೂರ್ತಿ ಏನೋ ಮರೆತದ್ದು ತೆಗೆದುಕೊಳ್ಳಲು ಕಾಲೇಜಿಗೆ ಬಂದರೆ, ಬರಿದಾದ ಕ್ಲಾಸ್ ಕೋಣೆಯಲ್ಲಿ ಅಂಜಿನಮ್ಮ ಒಬ್ಬಳೇ ಕೂತಿದ್ದಳು. ಈ ಸಲ ಮುಂದಿನ ಬೆಂಚು.

“ಅಮ್ಮಾ, ಪಾಠಗಳೆಲ್ಲ ಮುಗಿದವು. ಮಗಳಿಗೆ ಹಾಲ್ ಟಿಕೆಟ್ ಬಂತಲ್ಲ, ಇನ್ನೇನು?”

“ನೀವು ಹೆಚ್ಚಿಗೆ ಕೊಯ್ದುಬಿಟ್ರಿ ಮೇಷ್ಟ್ರೇ. ಮಗಳ ಪರೀಕ್ಷೆ ಮುಗಿಯೋ ತನಕ ದಿನಾ ಬಂದು ಕೂತು ತೀರಿಸ್ತೀನಿ.”

ಬೇಡ ಅಂದರೆ ಅಪ್ಪನ ಫೋನು ಬರುವುದು ಖಚಿತ. ಓಂಕಾರಮೂರ್ತಿ ಬಾಗಿಲ ಕಡೆ ನೋಡಿದರು, ಫ್ಯಾನ್ ಹಾಕಿದರು, ಚಾಕ್‌ಪೀಸ್ ಕೈಗೆತ್ತಿಕೊಂಡು ಆಪರೇಟಿಂಗ್ ಸಿಸ್ಟಂ ಅಂತ ಶುರು ಮಾಡಿದರು.

ಅಂಜಿನಮ್ಮ ಸೆರಗನ್ನು ಮಡಿಸಿ ಡೆಸ್ಕಿನ ಮೇಲಿಟ್ಟು ತಲೆ ಒರಗಿಸಿದಳು.

“ವಸಿ ಮೆತ್ತಗೆ ಹೇಳಿ ಮೇಷ್ಟ್ರೇ” ಅಂದಳು.