ಒಂಬತ್ತನೆಯ ಗುಂಡಿ ಆಡಿದ ಮಾತು

ನಮ್ಮ ಸೋದರತ್ತೆಯ ಮೈಮೇಲೆ ದೇವರು ಬರುತ್ತಿತ್ತು. ನಾಗಮಂಗಲದ ಕಡೆಯ ಅವಳ ಮನೆಯಲ್ಲಿ ಎಲ್ಲರೂ ಕೈಮುಗಿದು ಕೂತಿರುವಾಗ, ‘ದೇವ್ರಿಗೆ ಯಾಕೆ ಯಾವಾಗ್ಲೂ ಅತ್ತೆಗೆ ಬೇಕಾಗಿರೋದೇ ಬೇಕಾಯ್ತದೆ?’ ಎಂದು ಕೇಳಿ ಬೆನ್ನಿಗೆ ಗುದ್ದಿಸಿಕೊಂಡವಳು ನಾನು. ಆಗ ಏಳನೇ ಕ್ಲಾಸು. ಆಮೇಲೆ ಹೈಸ್ಕೂಲು, ಹಾಸ್ಟೆಲ್ಲು, ಕಾಲೇಜು ಎಲ್ಲ ಆಗಿ ಡಿಗ್ರಿ ಮುಗಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನೇ. ದೆವ್ವ, ದೇವರು, ಶಕುನ ಯಾವುದನ್ನೂ ನಂಬದಿರುವುದು ನನಗೆ ಸುಮ್ಮನೆ ಬಂದದ್ದಲ್ಲ. ಡಿಗ್ರಿಯ ಹಾಗೆಯೇ ಕಷ್ಟಪಟ್ಟು ಸಂಪಾದಿಸಿದ್ದು. ಈಗ ನಾನು ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಂಬುತ್ತಿರಲಿಲ್ಲ.

ಆರು ವರ್ಷದ ಹಿಂದಿನ ಮಾತು. ನಾನು ಪಾಂಡವಪುರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತ ಅಲ್ಲೇ ಬಾಡಿಗೆ ಮನೆಯಲ್ಲಿದ್ದೆ. ನಮ್ಮ ಊರು ಕೆ.ಆರ್. ಪೇಟೆ ತಾಲ್ಲೂಕು, ಸಂತೆಬಾಚಹಳ್ಳಿಗೆ ಹತ್ತಿರ. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಆ ವರ್ಷ ಅವ್ವನಿಗೆ ಗಂಟಲಲ್ಲಿ ಗಂಟು ಕಂಡಿತು. ನಲವತ್ತು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಜಗಿದ ಗಂಟಲು. ಮೈಸೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಅವ್ವ ನನ್ನೊಬ್ಬಳ ಹತ್ತಿರ ಎಡೆಬಿಡದೆ ಮಾತಾಡಿದಳು. ಗಬ್ಬದ ಹಸುವಿನ ವಿಷಯ, ಪೆಟ್ಟಿಗೆಯಲ್ಲಿಟ್ಟ ಸೀರೆಯ ವಿಷಯ. ಕೊನೆಗೆ, ‘ನಿನ್ ಪಾಲು ನಿಂಗೆ ಬತ್ತದೆ ಮಗ, ನಾನಿವ್ನಿ’ ಎಂದಳು. ಮಾರನೆಯ ದಿನದಿಂದ ಅವಳ ಬಾಯಿಂದ ಗಾಳಿಯೂ ಬರಲಿಲ್ಲ. ಉಸಿರಾಟವೆಲ್ಲ ಕತ್ತಿನ ತೂತಿನಲ್ಲಿ.

ಅವ್ವನಿಗೆ ಅಕ್ಷರ ಬಾರದು. ಬರೆದು ತೋರಿಸುವ ದಾರಿ ಇರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಬಣ್ಣದ ಚಿತ್ರ, ಕಿಟಕಿ ಯಾವುದೂ ಇಲ್ಲ. ಕಪ್ಪು ಪರದೆಯ ಮೇಲೆ ಆದೇಶವನ್ನು ಟೈಪು ಮಾಡಬೇಕು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಮೊಬೈಲಿನ ನೆಟ್ಟಿನಿಂದ ಅದನ್ನು ಇಳಿಸಿಕೊಂಡೆ. ಭಾಷೆ ಕನ್ನಡ ಎಂದು ಹೇಳಿಕೊಡದೆ ಓದಿಸಿದರೆ ಒಂದೊಂದು ಅಕ್ಷರಕ್ಕೂ ಇಂಗ್ಲಿಷಿನಲ್ಲಿ ಏನೇನೋ ಗೊಣಗುತ್ತಿತ್ತು. ಹೇಳಿಕೊಟ್ಟ ಮೇಲೆ ಕನ್ನಡ ಬಂತು, ಆದರೆ ಓಡುವವರ ಹಾಗೆ. ವೇಗ ಇಳಿಸಿದೆ. ಹೆಂಗಸಿನ ದನಿ ಆರಿಸಿದೆ. ತಗಡಿನ ಡಬ್ಬದೊಳಗಿಂದ ಯಾರೋ ಮೂಗಿನಲ್ಲಿ ಮಾತಾಡಿದ ಹಾಗಿತ್ತು. ಇರಲಿ ಎಂದುಕೊಂಡೆ.

ಅವ್ವನಿಗೆ ಮೊಬೈಲಿನಲ್ಲಿ ನಂಬರು ಒತ್ತುವಷ್ಟು ಅಂಕಿ ಗೊತ್ತಿತ್ತು. ಅಂಕಿಗಳು ಮಾತ್ರ ಇರುವ ಒಂದು ಪುಟ್ಟ ಕೀಬೋರ್ಡು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಒಂದರಿಂದ ಎಂಟರವರೆಗೆ ಎಂಟು ಫೈಲು ಬರೆದು, ಅಂಕಿ ಒತ್ತಿದರೆ ಆ ಫೈಲನ್ನು ಪ್ರೋಗ್ರಾಮು ಓದುವಂತೆ ಹೊಂದಿಸಿದೆ. ಒಂದು ಒತ್ತಿದರೆ ‘ನನಗೆ ನೀರು ಬೇಕು’, ನಾಲ್ಕು ಒತ್ತಿದರೆ ‘ನನಗೆ ನೋವಾಗುತ್ತಿದೆ’, ಆರು ‘ಹೌದು’, ಏಳು ‘ಇಲ್ಲ’, ಹೀಗೆ. ಒಂಬತ್ತನ್ನು ಖಾಲಿ ಬಿಟ್ಟೆ. ಅದನ್ನು ಒತ್ತಿದರೆ ದನಿ ಬರುತ್ತಿರಲಿಲ್ಲ, ಅಂಥ ಫೈಲು ಇಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬರುತ್ತಿತ್ತು, ಅಷ್ಟೆ.

ಊರಿನ ಮನೆಯಲ್ಲಿ ಅದು ಮೊದಲ ದಿನ ಮಾತಾಡಿದಾಗ ಪಕ್ಕದ ಮನೆಯ ಜಯಕ್ಕ ಬಿದ್ದುಬಿದ್ದು ನಕ್ಕಳು. ‘ಇದೇನಕ್ಕ, ರೇಡಿಯಾದಲ್ಲಿ ವಾರ್ತೆ ಓದ್ದಂಗೆ ನೀರ್ ಕೇಳ್ತೀಯ! ಬೇಕು ಅನ್ನೋಳು ನೀನಾ? ಕೊಡಮ್ಮಿ ಅತ್ಲಾಗೆ ಅಂತಿರ್ಲಿಲ್ವಾ?’ ಅವ್ವನೂ ಶಬ್ದವಿಲ್ಲದೆ ನಕ್ಕಳು. ನನಗೆ ಸಿಟ್ಟು ಬಂತು. ಊರಿನ ಮಾತನ್ನು ಬರವಣಿಗೆಯಲ್ಲಿ ತರಬಾರದು ಎಂದು ಏಟು ತಿಂದು ಕಲಿತವಳು ನಾನು. ಅವ್ವನಿಗೆ ಮಾತು ಬರೆದುಕೊಡುವಾಗಲೂ ಶುದ್ಧವಾಗಿಯೇ ಬರೆದೆ. ಅವ್ವ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನೂ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅದು ಆಗ ಹೊಳೆಯಲಿಲ್ಲ. ನಾನು ರಜೆಗೆ ಊರಿಗೆ ಹೋದಾಗ ಅವಳು ಆಗೀಗ ಒಂಬತ್ತನ್ನು ಒತ್ತಿ ನನ್ನ ಮುಖ ನೋಡುತ್ತಿದ್ದಳು. ಏನು ಬರೀಲಿ ಹೇಳು ಎಂದರೆ ಕೈಯಾಡಿಸಿ ಸುಮ್ಮನಾಗುತ್ತಿದ್ದಳು.

ನಮ್ಮ ಕಡೆ ಒಂದು ರೂಢಿ ಇದೆ. ಅಣ್ಣತಮ್ಮಂದಿರು ಒಂದು ಸೀರೆ, ರವಿಕೆ ಕಣ, ಅರಿಶಿನ ಕುಂಕುಮ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ, ಸೀರೆ ಎತ್ತಿಕೊಂಡು, ಊಟ ಮಾಡಿ ಬಸ್ಸು ಹತ್ತುತ್ತಾರೆ. ಅವ್ವನ ಆಪರೇಷನ್ನಾದ ನಾಲ್ಕನೇ ತಿಂಗಳಿಗೆ ಅಣ್ಣ ಪತ್ರ ಟೈಪು ಮಾಡಿಸಿಟ್ಟು ನನ್ನನ್ನು ಕರೆದ. ನನಗೆ ಬರಬೇಕಾದದ್ದು ಕೆರೆ ಬಯಲಿನ ಇಪ್ಪತ್ತು ಗುಂಟೆ ಗದ್ದೆ. ಅದನ್ನು ಮಾರಿ ತಿನ್ನುವ ಯೋಚನೆ ನನಗಿರಲಿಲ್ಲ. ಪಹಣಿಯಲ್ಲಿ ನನ್ನ ಹೆಸರು ಬರಬೇಕಿತ್ತು. ನಾನೂ ಆ ಮನೆಯಲ್ಲಿ ಹುಟ್ಟಿದವಳು ಎಂಬುದಕ್ಕೆ ಒಂದು ಸಾಲಿನ ಸಾಕ್ಷಿ.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಪಡಸಾಲೆಯಲ್ಲಿ ಅಣ್ಣ, ಅತ್ತಿಗೆ, ಚಿಕ್ಕಪ್ಪ, ಸಾಕ್ಷಿ ಹಾಕಲು ಬಂದ ಊರಿನ ಇಬ್ಬರು. ಅವ್ವ ಚಾಪೆಯ ಮೇಲೆ, ಅವಳ ಮುಂದೆ ಲ್ಯಾಪ್‌ಟಾಪು. ನಾನು ರುಜು ಹಾಕುವುದಿಲ್ಲ ಎಂದೆ. ಅಣ್ಣ ಕೂಗಾಡಲಿಲ್ಲ, ನಕ್ಕ.

‘ನಿನ್ ಪಾಲ್ನ ನೀನು ಓದಿ ತಿಂದ್ಬುಟ್ಟಿದೀಯ ಕಣಮ್ಮಿ. ಇನ್ನೆಲ್ಲದೆ ಪಾಲು?’

ನಾನು ಓದಿದ್ದು ಸ್ಕಾಲರ್‌ಶಿಪ್ಪಿನಲ್ಲಿ, ರಜೆಯಲ್ಲಿ ಆಲೆಮನೆಯಲ್ಲಿ ಬೆಲ್ಲದಚ್ಚು ಜೋಡಿಸಿದ ಕೂಲಿಯಲ್ಲಿ. ಅದು ಅವನಿಗೂ ಗೊತ್ತು. ಆ ಮಾತು ನನ್ನನ್ನು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅದೇ ಬಿಸಿಯಲ್ಲಿ, ‘ಅವ್ವ ಹೇಳ್ಲಿ. ಅವ್ವ ಏನ್ ಹೇಳ್ತಾಳೋ ಅದಕ್ಕೆ ನಾನು ಬದ್ಧ’ ಎಂದುಬಿಟ್ಟೆ. ಆಸ್ಪತ್ರೆಯ ವರಾಂಡದ ಮಾತು ನನ್ನ ಕಿವಿಯಲ್ಲಿತ್ತು. ಆ ಮಾತನ್ನು ಎಲ್ಲರೂ ಕೇಳಲಿ ಎಂಬ ಆಸೆ.

ಅವ್ವ ತಲೆ ಎತ್ತಲಿಲ್ಲ, ಆಡಿಸಲೂ ಇಲ್ಲ. ಚಿಕ್ಕಪ್ಪ ಕೀಬೋರ್ಡನ್ನು ಅವಳ ಕೈಗೆ ಸರಿಸಿ, ‘ಅತ್ಗೆಮ್ಮ, ನಿನ್ ಮಗ್ಳು ರುಜು ಹಾಕ್ಬೇಕಾ ಬ್ಯಾಡ್ವಾ? ಹೌದು ಅಂದ್ರೆ ಆರು ಒತ್ತು, ಇಲ್ಲ ಅಂದ್ರೆ ಏಳು. ನಮ್ ಮುಖ ನೋಡ್ಬ್ಯಾಡ’ ಎಂದರು.

ಅವ್ವನ ಬೆರಳು ತುಸು ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಒಂಬತ್ತರ ಮೇಲೆ ಬಿತ್ತು. ನಾನು ಕಣ್ಣಾರೆ ನೋಡಿದೆ. ಒಂಬತ್ತು ಆರರ ನೆತ್ತಿಯ ಮೇಲಿದೆ, ಏಳರ ಸಾಲಿನಲ್ಲೂ ಇದೆ. ಯಾವುದಕ್ಕೆ ಹೊರಟ ಬೆರಳು ಅಲ್ಲಿಗೆ ಹೋಯಿತೋ, ಇಲ್ಲ ಅಲ್ಲಿಗೇ ಹೊರಟಿತ್ತೋ. ದನಿ ಬರುವುದಿಲ್ಲ, ಇನ್ನೊಂದು ಸಲ ಒತ್ತವ್ವ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಆ ತಗಡಿನ ದನಿ ಮಾತಾಡಿತು.

‘ಓದ್ಕೊಂಡಿರೋಳು ಕಣವ್ವ ನೀನು, ಎಲ್ಲಾದ್ರೂ ಬದುಕ್ತೀಯ. ರುಜು ಹಾಕ್ಬುಡು... ಮಗ.’

ದನಿ ಯಂತ್ರದ್ದೇ. ಆದರೆ ನಾನು ಯಾವ ಫೈಲಿನಲ್ಲೂ ಅಂಥ ಭಾಷೆ ಬರೆದಿರಲಿಲ್ಲ. ‘ಮಗ’ ಎನ್ನುವ ಮುಂಚೆ ಒಂದು ಉಸಿರಿನಷ್ಟು ನಿಲ್ಲುವುದು ಅವ್ವನ ಅಭ್ಯಾಸ. ಆ ಪ್ರೋಗ್ರಾಮಿಗೆ ಉಸಿರಿಲ್ಲ, ಅದು ಹಾಗೆ ನಿಲ್ಲುವುದಿಲ್ಲ. ಅವತ್ತು ನಿಂತಿತು.

ಚಿಕ್ಕಪ್ಪ ‘ಆಯ್ತು ಬುಡು, ಹೆತ್ತೋಳೇ ಹೇಳ್ಬುಟ್ಲು’ ಎಂದರು. ನಾನು ಪರದೆ ನೋಡಿದೆ. ಅಂಥ ಫೈಲು ಇಲ್ಲ ಎಂಬ ಇಂಗ್ಲಿಷಿನ ಸಾಲು ಅಲ್ಲೇ ಇತ್ತು. ಆ ಪಡಸಾಲೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಇದು ಅವ್ವನ ಮಾತಲ್ಲ, ಇದರಲ್ಲಿ ಅಂಥ ಮಾತೇ ಇಲ್ಲ ಎಂದು ಎಲ್ಲರಿಗೂ ತೋರಿಸಿದೆ. ಅಣ್ಣ ಈ ಸಲ ನಗಲಿಲ್ಲ.

‘ಮಿಷನ್ ತಂದ್ ಮಡುಗ್ದೋಳು ನೀನು. ಮಾತ್ ತುಂಬ್ದೋಳು ನೀನು. ನಿಂಗ್ ಬೇಕಾದಂಗೆ ಹೇಳುದ್ರೆ ಅವ್ವನ್ ಮಾತು, ಇಲ್ದಿದ್ರೆ ಮಿಷನ್ ತಪ್ಪಾ? ಇದೇನಾ ನೀನ್ ಓದಿರೋದು?’

ಅವ್ವನ ಕಡೆ ತಿರುಗಿ, ‘ನೀನ್ ಹೇಳ್ದ್ಯಾ ಅವ್ವ?’ ಎಂದೆ. ಅವ್ವ ನನ್ನನ್ನು ನೋಡಲಿಲ್ಲ. ಕತ್ತಿನ ತೂತಿನ ಮೇಲೆ ಅಂಗೈ ಇಟ್ಟುಕೊಂಡು ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. ಮನಸ್ಸಿನಲ್ಲಿದ್ದದ್ದು ಹೊರಗೆ ಬಿದ್ದವರ ಮುಖವೂ ಹಾಗೇ ಇರುತ್ತದೆ, ಹೇಳದ ಮಾತನ್ನು ತಲೆಗೆ ಕಟ್ಟಿಸಿಕೊಂಡವರ ಮುಖವೂ ಹಾಗೇ ಇರುತ್ತದೆ. ಎಲ್ಲರೂ ಎದ್ದು ಹೋದ ಮೇಲೆ ಮತ್ತೆ ಕೇಳಿದೆ. ನನ್ನ ಕೈ ಹಿಡಿದು ಎರಡು ಸಲ ತಟ್ಟಿದಳು. ಹೌದೆಂದೋ, ಇಲ್ಲವೆಂದೋ, ಸುಮ್ಮನಿರೆಂದೋ.

ಆ ಸಂಜೆ ಅಲ್ಲೇ ಕೂತು ಪ್ರೋಗ್ರಾಮನ್ನೆಲ್ಲ ಜಾಲಾಡಿದೆ. ಮೇಲ್ಮುಖದ ಬಾಣದ ಗುಂಡಿ ಒತ್ತಿದರೆ ಹಿಂದೆ ಕೊಟ್ಟ ಆದೇಶಗಳು ಒಂದೊಂದಾಗಿ ಬರುತ್ತವೆ. ನಾನು ಕೊಟ್ಟವನ್ನು ಬಿಟ್ಟು ಒಂದೂ ಇರಲಿಲ್ಲ. ಎಂಟು ಫೈಲುಗಳನ್ನೂ ಯಾರೂ ಮುಟ್ಟಿರಲಿಲ್ಲ. ಒಂಬತ್ತನ್ನು ನೂರು ಸಲ ಒತ್ತಿರಬಹುದು. ಅದೇ ಇಂಗ್ಲಿಷಿನ ಸಾಲು, ಅದೇ ಮೌನ. ಅಣ್ಣನ ಮೇಲೆ ಅನುಮಾನಪಟ್ಟೆ. ಆದರೆ ಅವನಿಗೆ ಆ ಕಪ್ಪು ಪರದೆಯಲ್ಲಿ ಎಲ್ಲಿ ಶುರು ಮಾಡಬೇಕೆಂಬುದೇ ತಿಳಿಯದು, ಕನ್ನಡ ಟೈಪು ಮಾಡಲೂ ಬಾರದು. ನನ್ನ ಭಯವೇ ನನ್ನ ಕಿವಿಗೆ ಹಾಗೆ ಕೇಳಿಸಿತು ಎನ್ನೋಣವೆಂದರೆ ಎಲ್ಲರೂ ಕೇಳಿದ್ದಾರೆ. ಮುಂದಿನ ವರ್ಷ ಅವ್ವ ಹೋದಳು. ಗೊತ್ತಿದ್ದವಳು ಅವಳೊಬ್ಬಳೇ, ಅಥವಾ ಅವಳಿಗೂ ಗೊತ್ತಿರಲಿಲ್ಲ.

ಸೋಮವಾರ ಕೆ.ಆರ್. ಪೇಟೆಯ ನೋಂದಣಿ ಕಚೇರಿಗೆ ಹೋದೆ. ಕೊಟ್ಟ ಮಾತಿಗೆ ತಪ್ಪುವಂತಿರಲಿಲ್ಲ. ನಮ್ಮ ಸಾಕ್ಷಿಗಳಿಬ್ಬರೂ ಹೆಬ್ಬೆಟ್ಟು ಒತ್ತಿದರು. ನಾನು ತಂದೆಯ ಹೆಸರಿನ ಸಮೇತ ಪೂರ್ತಿ ರುಜು ಹಾಕಿದೆ, ಗುಂಡಗಿನ ಕನ್ನಡದಲ್ಲಿ. ಅಧಿಕಾರಿ ಒಳ್ಳೆಯ ಮನುಷ್ಯ. ಕಾಗದದಿಂದ ತಲೆಯೆತ್ತಿ, ‘ಓದಿದೋರು ಕಾಣ್ತೀರ. ಯಾರ ಬಲವಂತಾನೂ ಇಲ್ಲ ತಾನೆ?’ ಎಂದು ಕೇಳಿದರು.

ಇಲ್ಲ ಎಂದೆ. ಇದೆ ಎನ್ನಬಹುದಿತ್ತು. ಆದರೆ ಯಾರದು ಎಂದು ಅವರು ಮರುಪ್ರಶ್ನೆ ಕೇಳಿದ್ದರೆ ಯಾರ ಹೆಸರು ಹೇಳಬೇಕಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.